ಗಾಜಿನೊಳಗಿನ ನಮ್ಮ ಬೀದಿ

ದೊಡ್ಡಮ್ಮನಿಗೆ ನಮಸ್ಕಾರ. ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇರುತ್ತವೆ, ಬೈಯಬೇಡಿ. ನನಗೆ ಕಾಣುವುದೇ ಮಸುಕು, ಓದಿದ್ದೂ ನಾಲ್ಕನೇ ಕ್ಲಾಸು.

ನಿಮ್ಮ ಹೊಲಿಗೆ ಅಂಗಡಿಯ ಚಿಂದಿ, ಗುಂಡಿಗಳಿಂದ ನಾನು ಮಾಡಿದ ನಮ್ಮ ಬೀದಿಯ ಚಿತ್ರವನ್ನು ಇಲ್ಲಿ ಅಂಗವಿಕಲ ಕಲಾವಿದರ ಪ್ರದರ್ಶನದಲ್ಲಿ ಇಟ್ಟಿದ್ದಾರೆ. ಅದು ಬೆರಳಿನಿಂದ ನೋಡುವ ಚಿತ್ರ ಅಂತ ನಿಮಗೆ ಗೊತ್ತಲ್ಲ. ಇವರು ಅದಕ್ಕೆ ಗಾಜು ಹಾಕಿ, 'ಮುಟ್ಟಬೇಡಿ' ಅಂತ ಬೋರ್ಡು ತಗುಲಿಸಿದ್ದಾರೆ.

ನಿನ್ನೆ ವಯಸ್ಸಾದ ಸಂಗೀತದ ಮೇಷ್ಟ್ರೊಬ್ಬರು ಬಂದಿದ್ದರು. ಅವರಿಗೆ ಹುಟ್ಟಿನಿಂದ ಕಣ್ಣಿಲ್ಲ. ಗಾಜಿನ ಮೇಲೆಲ್ಲ ಕೈಯಾಡಿಸಿ, "ಬೀದಿ ಅಂದ್ರಿ, ಬರೀ ನುಣ್ಣಗಿದೆಯಲ್ಲಮ್ಮ" ಅಂದರು. ಗಾಜು ತೆಗೆಸಿ ಅಂತ ಪ್ರದರ್ಶನದ ಮೇಡಂಗೆ ಹೇಳಲು ಹೋದವಳು ಮೇಷ್ಟ್ರ ಹಿಂದೆಯೇ ನಿಂತುಬಿಟ್ಟೆ. ಮೇಷ್ಟ್ರೇ ಕೇಳಿದರು.

"ಕೊಳೆಯಾಗುತ್ತೆ ಸಾರ್. ಪಾಪ, ಕಣ್ಣು ಕಾಣದ ಹುಡುಗಿ, ಎಷ್ಟು ಕಷ್ಟಪಟ್ಟು ಮಾಡಿದ್ದಾಳೆ!" ಅಂದರು ಮೇಡಂ.

"ದೇವರು ಕೊಟ್ಟರೂ ಪೂಜಾರಿ ಕೊಡ" ಅಂತ ನಕ್ಕು ಮೇಷ್ಟ್ರು ಕೋಲು ಊರಿಕೊಂಡು ಹೊರಟುಬಿಟ್ಟರು. ಅವರು ಬಾಗಿಲು ದಾಟುವ ಮೊದಲೇ ಮೇಡಂ ಆ ಬೆರಳಚ್ಚುಗಳನ್ನು ಒರೆಸಿಸಿದರು. ನಮ್ಮ ಮನೆ ಬಾಗಿಲಿಗೆ ಅಂತ ನೀವು ಹುಡುಕಿಕೊಟ್ಟ ದಪ್ಪ ಕೋಟಿನ ಗುಂಡಿ ಆ ಮೇಷ್ಟ್ರಿಗೆ ಸಿಗಲೇ ಇಲ್ಲ.

ಕಣ್ಣಿನ ಔಷಧಿ ಭಾನುವಾರದವರೆಗೆ ಸಾಕು, ಉರಿ ಕಮ್ಮಿಯಾಗಿದೆ. ಕಾರ್ಡು ತುಂಬಿತು. ಇವತ್ತು ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಂಡ ಕೈ ತೊಳೆಯದೆ ಹೋಗಿ, ಆ ಗಾಜಿನ ತುಂಬ ಹತ್ತೂ ಬೆರಳು ಒತ್ತಿ ಬಂದೆ.

ನಿಮ್ಮ ಗುಬ್ಬಿ