ಕಂಬದ ನೆರಳಿನ ಸಾಲು

ಪ್ರೀತಿಯ ತಂಗಿಗೆ,

ನಾನಿಲ್ಲಿ ಗಟ್ಟಿಮುಟ್ಟಾಗಿದ್ದೇನೆ. ಮಂಡಿನೋವು ಈ ಬಿಸಿಲಿಗೆ ಹೆದರಿತೋ ಏನೋ, ಈಚೆಗೆ ತಲೆ ಎತ್ತಿಲ್ಲ.

ಈ ಊರಿನಲ್ಲಿ ಉಪ್ಪು ತರುವುದಕ್ಕೂ ಜನ ಕಾರು ತೆಗೆಯುತ್ತಾರೆ. ನಾನು ಹೊಲಿಗೆ ಅಂಗಡಿಯಲ್ಲಿ ಕಾಜಾ, ಗುಂಡಿ ಹಾಕುವ ಕೆಲಸ ಹಿಡಿದಾಗ ನಮ್ಮ ಅಳಿಯಂದಿರು, "ಬಸ್ ನಂಬ್ಕೊಂಡು ಕೆಲಸಕ್ಕೆ ಹೋಗ್ತೀರಾ ಅತ್ತೆ? ಒಂದು ವಾರಾನೂ ಆಗಲ್ಲ ನಿಮ್ಮ ಕೈಲಿ" ಅಂದಿದ್ದರು. ಬೇಸಿಗೆ ಪೂರ್ತಿ ಹೋಗಿ ಬಂದಿದ್ದೇನೆ, ಒಂದು ದಿನವೂ ತಪ್ಪಿಸಿಲ್ಲ.

ನಮ್ಮ ಸ್ಟಾಪಿಗೆ ಸೂರಿಲ್ಲ, ಹತ್ತಿರ ಮರವೂ ಇಲ್ಲ. ಇರುವುದು ಒಂದು ದೀಪದ ಕಂಬ. ಅದರ ನೆರಳಿನಲ್ಲಿ ನಾವೆಲ್ಲ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತೇವೆ, ನೆರಳು ಸರಿದ ಹಾಗೆ ಸಾಲೂ ಸರಿಯುತ್ತದೆ. ಕಾರಿನವರು ಕತ್ತು ತಿರುಗಿಸಿ ನೋಡಿಕೊಂಡು ಹೋಗುತ್ತಾರೆ.

ನಿನ್ನೆ ಅಳಿಯಂದಿರ ಕಾರು ಕೈಕೊಟ್ಟಿತು. ಇವತ್ತು ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಮೆಲ್ಲಗೆ, "ಅತ್ತೆ, ನಾನೂ ನಿಮ್ಮ ಜೊತೆ ಬರ್ಲಾ?" ಅಂದರು. ಕರೆದುಕೊಂಡು ಹೋಗಿ ನನ್ನ ಹಿಂದೆ ನಿಲ್ಲಿಸಿಕೊಂಡೆ. ಅವರ ಗಾತ್ರ ನಿನಗೆ ಗೊತ್ತಲ್ಲ, ಎರಡೂ ಭುಜ ಬಿಸಿಲಿನಲ್ಲೇ ಉಳಿದವು. "ಪಕ್ಕಕ್ಕೆ ತಿರುಗಿ ನಿಂತ್ಕೊಳ್ಳಿ" ಅಂತ ಹೇಳಿಕೊಟ್ಟೆ.

ಬಸ್ಸು ಬಂತು. ದಿನಾ ನನ್ನನ್ನು ನೋಡುವ ಡ್ರೈವರ್, "ಇವತ್ತು ಜೊತೆಗೆ ಯಾರಮ್ಮ?" ಅಂತ ಕೇಳಿದ.

"ನಮ್ಮ ಅಳಿಯಂದಿರು. ಹೊಸಬರು. ಅವರ ಸ್ಟಾಪ್ ಬಂದಾಗ ನಾನೇ ಇಳಿಸ್ತೀನಿ, ನೀನು ಬಸ್ ಬಿಡಪ್ಪ" ಅಂದೆ.

ಕಾರ್ಡು ತುಂಬಿತು. ಇದನ್ನು ಮನೆಯವರಿಗೆಲ್ಲ ಜೋರಾಗಿ ಓದಿ ಹೇಳು.

ನಿನ್ನ ಅಕ್ಕ