ಕ್ಷುದ್ರಗ್ರಹಕ್ಕೆ ಸುಣ್ಣ ಬಳಿಯಲು ಹೊರಟ ಮಧ್ಯಾಹ್ನ

ಸುಬಾಂಗ್ ಜಯಾ, ಮಲೇಷ್ಯಾ
ಅಕ್ಟೋಬರ್ ೨೦೨೨

ಪ್ರೀತಿಯ ಮಾವನವರಿಗೆ ನಿಮ್ಮ ಉಷಾಳ ನಮಸ್ಕಾರ.

ಮೈಸೂರಿನ ಪೇಪರಿನಲ್ಲೂ ಸುದ್ದಿ ಬಂದಿರಬೇಕು. ಹೋದ ತಿಂಗಳು ನೌಕೆಯೊಂದು ಹೋಗಿ ಗುದ್ದಿತಲ್ಲ, ಆ ಪುಟ್ಟ ಕ್ಷುದ್ರಗ್ರಹ ನಿಜಕ್ಕೂ ತನ್ನ ದಾರಿ ಬದಲಿಸಿದೆಯಂತೆ. ನಿಮ್ಮ ಮೊಮ್ಮಗಳು ಮಾನಸ ಸೋಫಾ ಹತ್ತಿ ಕುಣಿದಳು. ನನಗೆ ಮಾತ್ರ ಎರಡು ವರ್ಷದ ಹಿಂದಿನ ನೀವು ನೆನಪಾದಿರಿ.

ನಮ್ಮನ್ನು ನೋಡಿಹೋಗಲು ಬಂದವರು ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದಿರಿ. ಮಂಡಿನೋವೆಂದು ಊರಲ್ಲೇ ಉಳಿದಿದ್ದ ಅತ್ತೆಯವರು ಏಪ್ರಿಲಿನಲ್ಲಿ ಹೃದಯಾಘಾತದಿಂದ ಹೋಗಿಬಿಟ್ಟರು. ವಿಮಾನಗಳಿರಲಿಲ್ಲ. ಹೆಂಡತಿಯ ಚಿತೆಯನ್ನು ನೀವು ಮಗ ಲೋಕೇಶರ ಫೋನಿನಲ್ಲಿ ನೋಡಿದಿರಿ. ಆಮೇಲೆ ಮಾತು ಬಿಟ್ಟಿರಿ. ಊಟವನ್ನೂ ಬಿಟ್ಟ ಹಾಗೆಯೇ. ಲೋಕೇಶ್ ಬೇಡಿಕೊಂಡರು, ರೇಗಿದರು. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದರು ಡಾಕ್ಟರು. ಆ ದಿನಗಳಲ್ಲಿ ಆಸ್ಪತ್ರೆಯೆಂದರೇ ಭಯ.

ಆಗ ಮಾನಸಳ ಆನ್‌ಲೈನ್ ಕ್ಲಾಸಿನಲ್ಲೊಂದು ಪ್ರಾಜೆಕ್ಟ್ ಕೊಟ್ಟರು: ಭೂಮಿಗೆ ಬಡಿಯಲು ಬರುವ ಕ್ಷುದ್ರಗ್ರಹವನ್ನು ತಪ್ಪಿಸುವುದು ಹೇಗೆ? ಲೋಕೇಶರ ಸೈಬರ್‌ಜಯಾದ ಆಫೀಸು ನಮ್ಮ ಮಲಗುವ ಕೋಣೆಗೇ ಬಂದಿತ್ತು, ಅವರಿಗೆ ಬಿಡುವಿಲ್ಲ. ಅವಳು ನಿಮ್ಮ ಹತ್ತಿರ ಬಂದಳು.

"ತಾತಾ, ವೈಟ್ ಪೇಂಟ್ ಮಾಡಿದ್ರೆ ಸನ್‌ಲೈಟೇ ಅದನ್ನ ಪುಶ್ ಮಾಡುತ್ತೆ. ಸ್ಲೋಲಿ, ಸ್ಲೋಲಿ ಲಾ!" ಅಂದಳು, ಇಲ್ಲಿಯವರ ಹಾಗೆ ಕೊನೆಗೊಂದು 'ಲಾ' ಸೇರಿಸಿ.

ಗೋಡೆ ನೋಡುತ್ತ ಕೂತಿದ್ದ ನೀವು, "ಅಲ್ವೇ, ಸುಣ್ಣ ಬಳಿಯೋಕೆ ಏಣಿ ಎಲ್ಲಿ ಆನಿಸ್ತೀಯ?" ಅಂದಿರಿ.

ನಾನು ಒಲೆ ಆರಿಸಿ ಬಾಗಿಲಲ್ಲಿ ನಿಂತೆ. ಬಾಂಬ್ ಹಾಕೋಣ ಅಂದಳು. "ಚೂರೆಲ್ಲ ನಮ್ಮ ತಲೆ ಮೇಲೇ ಬಿದ್ರೆ?" ಅಂದಿರಿ. ಭಾರದ ನೌಕೆಯೊಂದು ಪಕ್ಕದಲ್ಲೇ ತೇಲುತ್ತ, ಬರೀ ತನ್ನ ಸೆಳೆತದಿಂದ ಅದನ್ನು ಎಳೆಯಬಹುದು ಅಂದಳು. "ಹಗ್ಗ ಇಲ್ದೇನಾ?" ಅಂತ ನಕ್ಕಿರಿ. ಆ ಜಗಳದ ನಡುವೆ ನಿಮ್ಮ ಕೈಗೆ ಮೊಸರನ್ನದ ಬಟ್ಟಲು ಇಟ್ಟೆ. ಅದು ಖಾಲಿಯಾದದ್ದು ನಿಮಗೆ ತಿಳಿಯಲಿಲ್ಲ. ನಾನು ಅಡುಗೆಮನೆಗೆ ಹೋಗಿ, ಸದ್ದು ಕೇಳದಿರಲೆಂದು ನಲ್ಲಿ ಬಿಟ್ಟು, ಬಿಕ್ಕಿದೆ. ಇದನ್ನು ನಿಮಗೆ ಈವರೆಗೆ ಹೇಳಿರಲಿಲ್ಲ.

ವಾರವಿಡೀ ವಾದ ನಡೆಯಿತು. ಕೊನೆಗೆ ಅವಳು, ಒಂದು ನೌಕೆ ಕಳಿಸಿ ಗುದ್ದಿಸಿದರೆ ಸಾಕು ಅಂದಳು.

"ಅಷ್ಟು ದೊಡ್ಡ ಬಂಡೆ ಅಲ್ಲಾಡುತ್ತಾ?"

"ಜಸ್ಟ್ ಎ ಲಿಟಲ್, ತಾತಾ. ಆದ್ರೆ ತುಂಬಾ ವರ್ಷ ಮೊದ್ಲೇ ಗುದ್ದಬೇಕು. ಅರ್ಲಿ ಗೊತ್ತಾಗ್ಬೇಕು."

ನೀವು ಅವಳ ಕೈ ಹಿಡಿದುಕೊಂಡಿರಿ. "ನಿಮ್ಮಜ್ಜಿಗೆ ಆಗಾಗ ಎದೆ ಹಿಡಿದುಕೊಳ್ತಿತ್ತು ಕಣೇ. ನಾವಿಬ್ರೂ ಯಾರಿಗೂ ಹೇಳಿರಲಿಲ್ಲ," ಅಂದಿರಿ. ಅತ್ತೆಯವರು ಹೋದ ಮೇಲೆ ನೀವು ಅತ್ತದ್ದು ಅಂದೇ ಮೊದಲು. ಮಾನಸ ಏನೂ ಕೇಳದೆ ನಿಮಗೆ ಅಂಟಿಕೊಂಡು ಕೂತಳು.

ಮರುದಿನ ಬೆಳಿಗ್ಗೆ ತಿಂಡಿಗೆ ನೀವೇ ಬಂದು ಕೂತು, "ಲೋಕೇಶ, ನಿನ್ನ ಬಿಪಿ ಯಾವಾಗ ನೋಡಿಸಿದ್ದೆ?" ಎಂದು ಕೇಳಿದಿರಿ. ನೋಡಿಸುವವರೆಗೂ ಬಿಡಲಿಲ್ಲ. ಇಷ್ಟು ಜಾಸ್ತಿಯಿದ್ದರೂ ಗೊತ್ತಾಗಲಿಲ್ಲವಾ ಎಂದು ಡಾಕ್ಟರು ಗದರಿದರು. ಈಗ ಮಾತ್ರೆ, ಸಂಜೆಯ ನಡಿಗೆ ಎರಡೂ ತಪ್ಪುವುದಿಲ್ಲ. ಮೊನ್ನೆಯ ಪರೀಕ್ಷೆಯಲ್ಲಿ ಎಲ್ಲ ಸರಿಯಿದೆ.

ಡಿಸೆಂಬರ್ ರಜೆಗೆ ಮೂವರೂ ಬರುತ್ತಿದ್ದೇವೆ. ಅಂದು ಅತ್ತೆಯವರಿಗೆ ಸಲ್ಲಿಸಲಾಗದೇ ಹೋದ ನಮಸ್ಕಾರವನ್ನು, ನಿಮ್ಮೊಡನೆ ನಿಂತು ಸಲ್ಲಿಸಬೇಕು.

ಸದ್ಯಕ್ಕೆ ಭೂಮಿ ಕ್ಷೇಮವಂತೆ, ಮಾವ. ನಾವೂ ಕ್ಷೇಮ. ನೀವೂ ಹಾಗೇ ಇರಿ, ಇನ್ನೂ ಬಹಳ ವರ್ಷ.

ನಿಮ್ಮ ಆಶೀರ್ವಾದ ಬೇಡುವ,
ಉಷಾ