ತುದಿ ಸಮೇತ

ನನ್ನ ಅಕ್ಕಾರ,

ಇವತ್ತು ಮಧ್ಯಾಹ್ನ ಪ್ರಯೋಗಾಲಯದಿಂದ ಓಡಿ ಬಂದವಳೇ ರಿಕ್ಷಾದವನಿಗೆ ನಿಮ್ಮ ಬಡಾವಣೆ ಧನಕವಡಿಯ ಹೆಸರು ಹೇಳಿಬಿಟ್ಟೆ. ನಿಮ್ಮ ಮನೆಯ ತಿರುವಿನಲ್ಲಿ ನೆನಪಾಯಿತು, ನೀವು ಈಗ ಅಲ್ಲಿ... ಆದರೆ ಈ ಸುದ್ದಿಯನ್ನು ಮೊದಲು ಇನ್ಯಾರಿಗೆ ಹೇಳಲಿ?

ನಾನು ಸಂಶೋಧನೆಗೆ ಸೇರಿದ ದಿನ ನೆನಪಿದೆಯೇ? ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಬಂದವಳು, ಚೀಲದಲ್ಲಿ ಕವನ ಸಂಕಲನ. ಊರಿನ ಶಾಲೆಯಲ್ಲಿ ಶಿಕ್ಷಕಿಯರನ್ನು ಕರೆಯುವ ರೂಢಿಯಂತೆ, ಮಾರ್ಗದರ್ಶಕಿಯಾದ ನಿಮ್ಮನ್ನೂ 'ಅಕ್ಕಾರ' ಎಂದೆ, ನೀವು ನಕ್ಕಿರಿ. ತಾಮ್ರದ ಸುರುಳಿ ಸುತ್ತಿದ ಗಾಜಿನ ಕೊಳವೆ ತೋರಿಸಿದಿರಿ. ಸುರುಳಿಗೆ ವಿದ್ಯುತ್ ಕೊಟ್ಟದ್ದೇ, ಒಳಗಿನ ಅನಿಲ ಯಾವುದೂ ಮುಟ್ಟದೆಯೇ ಹೊತ್ತಿ ಹೊಳೆಯಿತು.

"ಇದು ಪ್ಲಾಸ್ಮಾ. ಕವಿತಾ ಓದಾಕಿ ನೀ, ನಿನಗ ಸೇರ್ತದ. ವಿದ್ಯುತ್ ಒಮ್ಮೆಲೇ ಏರಿಸಿದ್ರ ಇದು ಏನ್ ಮಾಡ್ತದ, ಲೆಕ್ಕಾ ಹಾಕಿ ಹೇಳು ನೋಡೂಣು."

ಆ ಲೆಕ್ಕದ ಮೊದಲ ಗ್ರಾಫ್ ರೇಖೆ ಮುದ್ರಣವಾಗಿ ಬಂದಾಗ ನಾನು ಹೆದರಿದ್ದೆ. ಎಲೆಕ್ಟ್ರಾನುಗಳ ಬಿಸಿ ಮೆಲ್ಲಗೆ ಏರುವ ಬದಲು ಚಂಗನೆ ಶಿಖರಕ್ಕೆ ಜಿಗಿದು, ಹೊಸ ಎಲೆಕ್ಟ್ರಾನುಗಳು ಹುಟ್ಟಿ ಪಾಲು ಕೇಳಿದ ಮೇಲೆ ಇಳಿದಿತ್ತು. ಕಂಪ್ಯೂಟರ್ ಕಾಲವನ್ನು ಹೆಜ್ಜೆ ಹೆಜ್ಜೆಯಾಗಿ ದಾಟುತ್ತದೆ. ಹೆಜ್ಜೆ ದೊಡ್ಡದಾದರೆ ಇಲ್ಲದ ಗುಡ್ಡವೂ ಕಾಣುತ್ತದೆ. ನೀವು ಚಹಾ ಬಟ್ಟಲು ನನ್ನ ಕಡೆ ತಳ್ಳಿದಿರಿ, ಎಂದಿನಂತೆ ಅರ್ಧ ಕುಡಿದು. "ಹೆಜ್ಜೀನೂ ಅರ್ಧಾ ಮಾಡವಾ. ಸುಳ್ಳಿದ್ರ ಕರಗ್ತದ, ಖರೇ ಇದ್ರ ನಿಲ್ತದ."

ಅರ್ಧ ಮಾಡಿದೆ. ಮತ್ತೆ ಅರ್ಧ. ನಿಂತಿತು!

ವಿಭಾಗದ ಸಭೆಯಲ್ಲಿ ಹಿರಿಯ ಪ್ರಾಧ್ಯಾಪಕರು ನಕ್ಕದ್ದನ್ನು ಹೇಗೆ ಮರೆಯಲಿ? "ಬಾಯೀ, ಹೀ ಚೂಕ್ ಆಹೇ. ಟೋಕ್ ಕಾಪೂನ್ ಟಾಕಾ!" ಇದು ತಪ್ಪು, ಶಿಖರದ ತುದಿ ಕತ್ತರಿಸಿ ಹಾಕಿ ಎಂದು, ಮರಾಠಿಯಲ್ಲಿ. ಕತ್ತರಿಸಿದರೆ ನನ್ನ ಪ್ರಬಂಧ ಮುಂದಕ್ಕೆ. ಇಲ್ಲವೇ ಅಳೆದು ತೋರಿಸಬೇಕು. ಅಷ್ಟು ಚುರುಕಾಗಿ ಅಳೆಯುವ ಸಾಧನ ನಮ್ಮಲ್ಲಿ ಎಲ್ಲಿತ್ತು?

"ಕತ್ತರಸೂದಿಲ್ರೀ," ಎಂದಿರಿ ಕನ್ನಡದಲ್ಲೇ. ಹೊರಗೆ ಬಂದ ಮೇಲೆ ದನಿ ಇಳಿಯಿತು. "ನಿನ್ನ ಡಿಗ್ರಿ ತಡಾ ಆಗ್ತದ ತಂಗೀ. ಸಿಟ್ಟು ಬಂತೇನು?"

"ಕಾಯ್ತೇನ್ರಿ ಅಕ್ಕಾರ. ಅಡಿಗಿ ಮನ್ಯಾಗ ಕಾದು ಕಾದು ರೂಢಿ ಅದ."

ಕಾದೆ. ನೀವೇ ಕಾಯದೆ ಕಣ್ಣು ಮುಚ್ಚಿದಿರಿ...

ಇವತ್ತಿನ ಆ ಗಳಿಗೆ ಕೇಳಿ! ಬೆಳಕಿನ ಏರಿಳಿತವನ್ನು ಕ್ಷಣದ ಚೂರುಗಳಲ್ಲಿ ಹಿಡಿಯುವ ಸಾಧನ ಕೊನೆಗೂ ಬಂದಿದೆ. ಎಲೆಕ್ಟ್ರಾನುಗಳ ಬಿಸಿ ಜಿಗಿದರೆ ಬೆಳಕೂ ಜಿಗಿಯಬೇಕು. ವಿದ್ಯುತ್ ಏರಿಸಿದೆ. ಪರದೆಯ ಮೇಲೆ ನಮ್ಮ ಶಿಖರ, ಅಕ್ಕಾರ! ನಾವು ಲೆಕ್ಕ ಹಾಕಿದ್ದಕ್ಕಿಂತಲೂ ಎತ್ತರ. ಯಾಕೆ ಅಷ್ಟು ಎತ್ತರ? ಗೊತ್ತಿಲ್ಲ, ಗೊತ್ತಿಲ್ಲದಿರುವುದೂ ಎಷ್ಟು ಚೆನ್ನಾಗಿದೆ!

ಅದೇ ಪ್ರಾಧ್ಯಾಪಕರು ಪಕ್ಕದಲ್ಲೇ ಇದ್ದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಏನೆಂದರು ಗೊತ್ತೇ? "ಥಾಂಬಾ. ಅರ್ಧಂ ಕರೂನ್ ಬಘೂಯಾ." ತಡೀರಿ, ಅರ್ಧ ಮಾಡಿ ನೋಡೋಣ. ನಿಮ್ಮ ಮಾತು, ಅವರ ಬಾಯಲ್ಲಿ!

ಅಳತೆಗಳ ನಡುವಿನ ಕಾಲವನ್ನು ಅರ್ಧ ಮಾಡಿದೆ. ನಿಂತಿತು.

ನಾಳೆ ಪ್ರಬಂಧ ಒಪ್ಪಿಸುತ್ತೇನೆ. ತುದಿ ಸಮೇತ.

ನಿಮ್ಮ ತಂಗಿ